ಗುಂಡ್ಯಾನ ನೀರಿನ ಲೆಕ್ಕ ಇಟ್ಟ ಚಿಗವ್ವನಿಗೆ

ಗುಂಡ್ಯಾನಿಗೆ ಮಾತ್ರೆ ಶುರು ಮಾಡಿ ಇವತ್ತಿಗೆ ಸರಿಯಾಗಿ ಒಂದು ವರ್ಷ. 12 ವರ್ಷದ ನಾಯಿ, ಈಗ ಕಟ್ಟೆ ಮೇಲೆ ಬಿಸಿಲಿಗೆ ಮೈ ಚಾಚಿ ಮಲಗಿದ್ದಾನೆ. ಈ ವರ್ಷ ಏನೇನಾಯ್ತು ಅಂತ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಹಂಗಾಗಿ ರಿಪೋರ್ಟು, ಸ್ಕ್ಯಾನಿನ ಕಥೆ ಬೇಡ. ಥ್ಯಾಂಕ್ಸ್ ಹೇಳೋದಿದೆ, ಅದರಲ್ಲಿ ಜಾಸ್ತಿ ಪಾಲು ಒಬ್ಬರಿಗೇ.

ನಮ್ಮ ಮನೆಗೆಲಸಕ್ಕೆ ಬರುವ ಹಿರಿಯರನ್ನು ನಾವೆಲ್ಲ ಚಿಗವ್ವ ಅಂತೀವಿ. ಧಾರವಾಡದ ನಮ್ಮ ಓಣಿಗೆ ನಳದ ನೀರು ದಿನಾ ಬರೋದಿಲ್ಲ. ಬಂದ ದಿನ ಬ್ಯಾರಲ್, ಕೊಡ, ಬಕೆಟ್ ಎಲ್ಲ ತುಂಬಿಸಿಡಬೇಕು. ಅದಕ್ಕೇ ಚಿಗವ್ವನಿಗೆ ಒಂದೊಂದು ಚರಿಗೆಯ ಲೆಕ್ಕವೂ ಗೊತ್ತು. ಅವತ್ತು ಡಿಸೆಂಬರ್ ಚಳಿ. ನಾಯಿಯ ಪಾತ್ರೆ ಕೈಯಲ್ಲಿ ಹಿಡಿದು ಬಂದು ನಿಂತರು.

"ಅಕ್ಕಾರ, ಈ ಥಂಡ್ಯಾಗ ನಮಗ ಒಂದ್ ಗುಟುಕು ನೀರು ಬ್ಯಾಡನಸ್ತೈತಿ. ಇಂವಾ ಮೂರ್ ಚರಗಿ ಕುಡ್ಯಾಕತ್ತಾನ. ಮೊದ್ಲ ಒಂದ ಸಾಕಾಗ್ತಿತ್ತು. ಡಾಕ್ಟರಿಗೆ ತೋರಸ್ರಿ."

ವಯಸ್ಸಾಯ್ತಲ್ವಾ ಚಿಗವ್ವ, ಅಂದೆ ನಾನು. ಆಗ ನನ್ನ ಹತ್ತಿರ ಎಲ್ಲದಕ್ಕೂ ಅದೊಂದೇ ಉತ್ತರ. ಚಳಿಯಲ್ಲೂ ನಾಲಿಗೆ ಹೊರಗೆ ಹಾಕಿ ತೇಕುತ್ತಿದ್ದ. ಹೊಟ್ಟೆ ಜೋತು ಬಿದ್ದಿತ್ತು. ಕಟ್ಟೆ ಹತ್ತೋಕೆ ಹಿಂದಿನ ಕಾಲಿಗೆ ಬಲ ಸಾಲುತ್ತಿರಲಿಲ್ಲ. ಗಾಯಕ್ಕೆ ಅಂತ ಬೋಳಿಸಿದ ಕಡೆ ಕೂದಲು ಮತ್ತೆ ಬಂದೇ ಇರಲಿಲ್ಲ. ರೊಟ್ಟಿಗಂತೂ ಗೋಗರೆಯುತ್ತಿದ್ದ. ಮುದುಕ ಆದರೂ ಎಷ್ಟು ಚೆನ್ನಾಗಿ ಉಣ್ತಾನೆ ಅಂತ ನಾವು ಖುಷಿ ಪಟ್ಟೆವು.

ಆಮೇಲೆ ರಾತ್ರಿ ಪಡಸಾಲೆಯಲ್ಲೇ ಉಚ್ಚೆ ಹೊಯ್ಯೋಕೆ ಶುರು ಮಾಡಿದ. ನಾನು ಬೈದೆ. ಸಂಜೆಯಾದ ಮೇಲೆ ನೀರಿನ ಪಾತ್ರೆ ಎತ್ತಿಟ್ಟೆ. ಒಂದು ನಸುಕಿನಲ್ಲಿ ಎದ್ದು ನೋಡಿದರೆ ಬಚ್ಚಲ ನೆಲದ ಒದ್ದೆ ನೆಕ್ಕುತ್ತಾ ನಿಂತಿದ್ದ. ಇದನ್ನು ಇಲ್ಲಿತನಕ ಯಾರಿಗೂ ಹೇಳಿರಲಿಲ್ಲ. ಪಾತ್ರೆ ಮತ್ತೆ ಜಾಗಕ್ಕೆ ತಂದಿಟ್ಟವರು ಚಿಗವ್ವ. "ಬಾಯಿಲ್ಲದ ಜೀವ ಅಕ್ಕಾರ, ನೀರ್ ಮಾತ್ರ ತಗೀಬ್ಯಾಡ್ರಿ" ಅಂದರು. ಅವತ್ತಿನಿಂದ ಬಚ್ಚಲ ಗೋಡೆ ಮೇಲೆ ಇದ್ದಲಿನಲ್ಲಿ ಗೆರೆ ಎಳೆಯತೊಡಗಿದರು, ಚರಿಗೆಗೆ ಒಂದು ಗೆರೆ.

ಡಾಕ್ಟರ್ ಮೊದಲು ಕೇಳಿದ್ದೇ ಆ ಲೆಕ್ಕ. ನಮ್ಮ ಚರಿಗೆ 800 ಮಿಲಿ ಹಿಡಿಯುತ್ತದೆ, ಮೂರಕ್ಕೆ 2.4 ಲೀಟರ್. ನಾಯಿ ದಿನಕ್ಕೆ ತನ್ನ ತೂಕದ ಕೆಜಿಗೆ 100 ಮಿಲಿಗಿಂತ ಜಾಸ್ತಿ ನೀರು ಕುಡಿದರೆ ಸುಮ್ನೆ ಬಿಡಬಾರದಂತೆ. ಗುಂಡ್ಯಾ ಇದ್ದದ್ದು 16 ಕೆಜಿ. ಅವನನ್ನು ಅಂಗಾತ ಮಲಗಿಸಿ ಹೊಟ್ಟೆ ತೋರಿಸಿದರು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಒಳಗಿನ ನೀಲಿ ನರ ಕಾಣುತ್ತಿತ್ತು. 8 ತಾಸು ಹಿಡಿಯುವ ಟೆಸ್ಟು, ಮೂರು ಸಲ ರಕ್ತ ತೆಗೆದರು. ಕುಶಿಂಗ್ಸ್. ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನು ಅತಿಯಾಗುವ ಕಾಯಿಲೆ. ಹೆಚ್ಚಿನ ನಾಯಿಗಳಲ್ಲಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆಯಿಂದ ಬರುತ್ತದೆ. ಮಾತ್ರೆಯಿಂದ ಪೂರ್ತಿ ಹೋಗೋದಿಲ್ಲ, ಹಿಡಿತದಲ್ಲಿ ಇರುತ್ತದೆ.

ಮಾತ್ರೆ ಶುರುವಾಗಿ ಮೂರನೇ ವಾರ, ಶಿವರಾತ್ರಿ. ಮನೆಯವರು ಬೆಂಗಳೂರಿನಲ್ಲಿದ್ದರು. ಗುಂಡ್ಯಾ ರೊಟ್ಟಿ ಮುಟ್ಟಲಿಲ್ಲ, ಎರಡು ಸಲ ವಾಂತಿ ಮಾಡಿ ಕುಸಿದು ಬಿದ್ದ. ಚಿಗವ್ವ ಉಪವಾಸವಿದ್ದರು, ಜಾಗರಣೆಗೆ ಗುಡಿಗೆ ಹೊರಟವರು ಬಾಗಿಲಲ್ಲೇ ನಿಂತು ನೋಡಿದರು. ಒಂದು ಮಾತಾಡಲಿಲ್ಲ. ಒಳಗೆ ಹೋಗಿ ಕೌದಿ ತಂದು ಅವನನ್ನು ಸುತ್ತಿ ಎತ್ತಿಕೊಂಡರು. ಮೊದಲು ಹೋದ ಕಡೆ ಬೆಳಿಗ್ಗೆ ಬನ್ನಿ ಅಂದು ಗೇಟು ಹಾಕಿದರು. ಆಟೋದಲ್ಲೇ ಹುಬ್ಬಳ್ಳಿಗೆ ಹೊರಟೆವು. ನವಲೂರು ದಾಟುವಾಗ ನನಗೆ ಅಳು ತಡೆಯಲಿಲ್ಲ. "ನೀವು ಅತ್ರ ಅಂವಾ ಹೆದರ್ತಾನ. ಹೆಸರ್ ಹಿಡದು ಕರ್ಕೋತ ಇರ್ರಿ" ಅಂದರು. ಕರೆಯುತ್ತಾ ಹೋದೆ.

ಮಾತ್ರೆಯ ಪ್ರಮಾಣ ಅವನ ಮೈಗೆ ಜಾಸ್ತಿಯಾಗಿ ಕಾರ್ಟಿಸಾಲ್ ಬೇಕಾದ್ದಕ್ಕಿಂತ ಕೆಳಗಿಳಿದಿತ್ತು. ಸಲೈನ್, ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಡ್ರಿಪ್ ಹಾಕಿದ ಕಾಲು ಅಲುಗದ ಹಾಗೆ ಚಿಗವ್ವ ಬೆಳಗಿನ ತನಕ ನೆಲದ ಮೇಲೆ ಕೂತು ಹಿಡಿದಿದ್ದರು. ಬಾಯಲ್ಲಿ ಓಂ ನಮಃ ಶಿವಾಯ. ನಾನು ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ, ಅವರು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಗುಂಡ್ಯಾ ತಲೆ ಎತ್ತಿ ಅವರ ಅಂಗೈ ನೆಕ್ಕಿದ ಮೇಲೇ ಒಂದು ಲೋಟ ಚಹಾ ಕುಡಿದರು.

ರಾತ್ರಿ ಬಾಗಿಲು ತೆರೆದ ಡಾಕ್ಟರಿಗೆ, ಬೆಂಗಳೂರಿನಿಂದ ಮಾತ್ರೆ ತರಿಸಿಕೊಟ್ಟ ಮೆಡಿಕಲ್ ಅಂಗಡಿಯ ಹುಡುಗನಿಗೆ, ಟೆಸ್ಟಿನ ದಿನ ರಜೆ ಹಾಕಿ ಬಂದ ನಾದಿನಿಗೆ, ದಿನಾ ಫೋನ್ ಮಾಡಿದ ಗೆಳತಿಯರಿಗೆ, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್. ಮನೆಯಲ್ಲಿ ವಯಸ್ಸಾದ ನಾಯಿ ಇದ್ದವರು ಒಂದು ದಿನ ಅದು ಕುಡಿಯುವ ನೀರು ಅಳೆದು ನೋಡಿ, ದಯವಿಟ್ಟು.

ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದಾಗ ಬಚ್ಚಲ ಆ ಗೋಡೆ ಮಾತ್ರ ಹಂಗೇ ಬಿಡಿಸಿದೆ. ಚಿಗವ್ವ ಫೋನಿನಲ್ಲಿ ಓದೋದಿಲ್ಲ, ನಾಳೆ ಬಂದಾಗ ಇದನ್ನು ನಾನೇ ಓದಿ ಹೇಳ್ತೀನಿ. ಇವತ್ತಿನ ಗೆರೆ ಒಂದೂವರೆ.