‘ಹೈಬೆ’ ಅಲ್ಲ, ‘ಹಾಯ್ಸೆ’

ಮಾನ್ಯ ಸಂಪಾದಕರೇ,

ಓದಿಗೆ, ನರ್ಸಿಂಗ್ ಕೆಲಸಕ್ಕೆ ಜರ್ಮನಿಗೆ ಹೊರಟವರಿಗೆಂದು ನಿಮ್ಮ ಯುವ ಪುರವಣಿಯಲ್ಲಿ ಬಂದ ಜರ್ಮನ್ ವಾಕ್ಯಗಳ ಪಟ್ಟಿ ನೋಡಿದೆವು. ‘ನನ್ನ ಹೆಸರು’ ಎನ್ನಲು ‘ಇಚ್ ಹೈಬೆ’ ಎನ್ನಬೇಕೆಂದು ಅಲ್ಲಿ ಅಚ್ಚಾಗಿದೆ. ಎರಡು ಪದ, ಎರಡೂ ತಪ್ಪು. ಜರ್ಮನ್‌ನಲ್ಲಿ ಅದನ್ನು ‘Ich heiße’ ಎಂದು ಬರೆಯುತ್ತಾರೆ. ಅಲ್ಲಿ ಇಂಗ್ಲಿಷಿನ ದೊಡ್ಡ ‘ಬಿ’ಯಂತೆ ಕಾಣುವ ‘ß’ ಅಕ್ಷರದ ಹೆಸರು ‘ಎಸ್‌ಟ್ಸೆಟ್’. ಕಣ್ಣು ಕಿರಿದು ಮಾಡಿ ನೋಡಿದರೆ ಅದರ ಬುಡ ತೆರೆದಿರುತ್ತದೆ, ‘ಬಿ’ಯದು ಮುಚ್ಚಿರುತ್ತದೆ. ಅದರ ಉಚ್ಚಾರ ‘ಸ’. ಹಾಗಾಗಿ ‘ಹಾಯ್ಸೆ’.

‘ಇಚ್’ ಕೂಡ ಇಂಗ್ಲಿಷ್ ಕಾಗುಣಿತ ತಂದ ಫಜೀತಿ. ‘ಹ್ಯ’ ಎನ್ನಲು ನಾಲಿಗೆ ಎತ್ತಿ, ಸ್ವರ ಸೇರಿಸದೆ ಬರೀ ಗಾಳಿ ಬಿಟ್ಟರೆ ಆ ಸದ್ದು ಬರುತ್ತದೆ. ಕನ್ನಡದಲ್ಲಿ ಬರೆಯಲೇಬೇಕೆಂದರೆ ‘ಇಹ್’ ಹತ್ತಿರ. ‘ಇಶ್’ ಎಂದರೂ ಜನ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಆ ಅಭ್ಯಾಸ ಮುಂದೆ ಕಾಡುತ್ತದೆ: ‘ಕಿರ್ಹೆ’ ಎಂದರೆ ಚರ್ಚು, ‘ಕಿರ್ಶೆ’ ಎಂದರೆ ಚೆರ್ರಿ ಹಣ್ಣು.

ಇಂಥ ಪಟ್ಟಿಗಳನ್ನು ಇಂಗ್ಲಿಷ್ ಪುಸ್ತಕದಿಂದ ಎತ್ತಿ ಕನ್ನಡ ಲಿಪಿಗೆ ಇಳಿಸುವುದೇ ತೊಂದರೆಯ ಮೂಲ. ಕನ್ನಡ ಬಲ್ಲವರಿಗೆ ಜರ್ಮನ್‌ನ ಎಷ್ಟೋ ಸಂಗತಿಗಳು ನೇರವಾಗಿ ದಕ್ಕುತ್ತವೆ. ಇಂಗ್ಲಿಷನ್ನು ನಡುವೆ ಕೂರಿಸಿ ನಾವೇ ಅವನ್ನು ಕಷ್ಟ ಮಾಡಿಕೊಳ್ಳುತ್ತೇವೆ.

ಮೊದಲು ನಮಸ್ಕಾರ. ಬೆಳಿಗ್ಗೆ ಹತ್ತು-ಹನ್ನೊಂದರವರೆಗೆ ‘ಗೂಟನ್ ಮೊರ್ಗನ್’, ಆಮೇಲೆ ಸಂಜೆ ಆರರವರೆಗೆ ‘ಗೂಟನ್ ಟಾಕ್’, ನಂತರ ‘ಗೂಟನ್ ಆಬೆಂಟ್’. ‘ಟಾಗ್’ ಎಂದು ನೀವು ಅಚ್ಚು ಹಾಕಿದ್ದೀರಿ. ಬರೆಯುವುದು ಹಾಗೆಯೇ, ಆದರೆ ಪದದ ಕೊನೆಯಲ್ಲಿ ಬಂದ ಗ, ಡ, ಬ ಸದ್ದುಗಳು ಜರ್ಮನ್ ಬಾಯಲ್ಲಿ ಕ, ಟ, ಪ ಆಗುತ್ತವೆ. ಇನ್ನು ನಮ್ಮ ಪದಗಳೆಲ್ಲ ಸ್ವರದಲ್ಲಿ ಮುಗಿಯುವುದರಿಂದ ನಾಲಿಗೆ ತಾನಾಗಿಯೇ ಬಾಲ ಸೇರಿಸುತ್ತದೆ, ‘ಒಳ್ಳೆಯದು’ ಎಂಬ ‘ಗೂಟ್’ ನಮ್ಮ ಬಾಯಲ್ಲಿ ಗೂಟವೇ ಆಗಿಬಿಡುತ್ತದೆ. ‘ಗೂಟೆ ನಾಖ್ಟ್’ ಮಲಗಲು ಹೋಗುವಾಗಿನ ಮಾತು. ರಾತ್ರಿ ಎಂಟಕ್ಕೆ ಊಟಕ್ಕೆ ಬಂದವರನ್ನು ಬಾಗಿಲಲ್ಲೇ ಹಾಗೆಂದರೆ ‘ಹೊರಡಿ’ ಎಂದಂತೆ.

ಮೂರು ಕಡೆ ‘ಗೂಟನ್’, ನಾಲ್ಕನೆಯದಕ್ಕೆ ಮಾತ್ರ ‘ಗೂಟೆ’ ಯಾಕೆ? ಇದು ‘ಶುಭ ದಿನವನ್ನು ಹಾರೈಸುತ್ತೇನೆ’ ಎಂಬುದರ ಮೊಟಕು ರೂಪ, ಅಂದರೆ ದ್ವಿತೀಯಾ ವಿಭಕ್ತಿ. ಪುಲ್ಲಿಂಗ ಪದದ ವಿಶೇಷಣಕ್ಕೆ ಆ ವಿಭಕ್ತಿಯಲ್ಲಿ ‘ನ್’ ಸೇರುತ್ತದೆ. ರಾತ್ರಿ ಅಲ್ಲಿ ಸ್ತ್ರೀಲಿಂಗ, ಅದರ ವಿಶೇಷಣಕ್ಕೆ ಸೇರುವುದಿಲ್ಲ. ಶಾಲೆಯಲ್ಲಿ ‘ರಾಮನು, ರಾಮನನ್ನು’ ಬಾಯಿಪಾಠ ಮಾಡಿದವರಿಗೆ ಇದನ್ನು ಒಂದೇ ನಿಮಿಷದಲ್ಲಿ ಹೇಳಿಕೊಡಬಹುದು.

ಪ್ರಾಂತ್ಯ ಬದಲಾದರೆ ನಮಸ್ಕಾರವೂ ಬದಲು. ಬವೇರಿಯಾ, ಆಸ್ಟ್ರಿಯಾದಲ್ಲಿ ‘ಗ್ರೂಸ್ ಗೊಟ್’, ಗೆಳೆಯರಲ್ಲಿ ‘ಜ಼ೆರ್ವುಸ್’. ಉತ್ತರದ ಕಡಲ ಸೀಮೆಯಲ್ಲಿ ಬೆಳಗಿನಿಂದ ರಾತ್ರಿವರೆಗೂ ‘ಮೊಯ್ನ್’. 1894ರಲ್ಲಿ ನಮಗೆ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಇದೇ ಮೊಯ್ನ್ ಸೀಮೆ.

ನಮ್ಮಲ್ಲಿಲ್ಲದ ಎರಡು ಸ್ವರಗಳನ್ನು ಮಾತ್ರ ಪಟ್ಟು ಹಿಡಿದು ಕಲಿಯಬೇಕು. ‘ಏ’ ಎನ್ನುತ್ತಲೇ ತುಟಿಯನ್ನು ‘ಓ’ಗೆ ದುಂಡಗೆ ಮಾಡಿ, ನಾಲಿಗೆ ಕದಲಬಾರದು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮ ಶುರು ಮಾಡಿದ ಮೋಗ್ಲಿಂಗ್ ಹೆಸರಿನ ಮೊದಲ ಸ್ವರ ಇದೇ. ನಾವು ಅದನ್ನು ‘ಮೋ’ ಮಾಡಿಕೊಂಡಿದ್ದೇವೆ, ಅಷ್ಟೆ. ಇನ್ನೊಂದಕ್ಕೆ ‘ಈ’ ಎನ್ನುತ್ತಾ ತುಟಿ ‘ಊ’ಗೆ: ಗ್ರೂಸ್, ಬೀಳ್ಕೊಡುವಾಗಿನ ಚ್ಯೂಸ್ ಎರಡರಲ್ಲೂ ಇದೇ ಸ್ವರ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುವುದು ಒಳ್ಳೆಯದು. ನಾಲಿಗೆಯ ಬದಲು ತುಟಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುವುದು.

‘ನೀವು’ ‘ನೀನು’ ವಿಚಾರಕ್ಕೆ ಬಂದರೆ, ಇಂಗ್ಲಿಷ್ ಮೂಲಕ ಕಲಿತವರು ಇಲ್ಲಿ ಸುಮ್ಮನೆ ಪರದಾಡುತ್ತಾರೆ. ‘ಜ಼ೀ’ ಎಂದರೆ ನೀವು (ಜೀಬ್ರಾದ ಜ಼), ‘ಡೂ’ ಎಂದರೆ ನೀನು. ಅಂಗಡಿಯವರು, ವೈದ್ಯರು, ಕಚೇರಿಯವರು, ಅಪರಿಚಿತರು ‘ಜ಼ೀ’. ‘ನಿಮ್ಮ ಹೆಸರೇನು?’ ಎನ್ನಲು ‘ವೀ ಹಾಯ್ಸನ್ ಜ಼ೀ?’ ಮಕ್ಕಳು, ಗೆಳೆಯರು ‘ಡೂ’: ‘ವೀ ಹಾಯ್ಸ್ಟ್ ಡೂ?’ ಅಮ್ಮನಿಗೂ ದೇವರಿಗೂ ‘ನೀನು’ ಎನ್ನುವುದು ಎರಡು ಭಾಷೆಗೂ ಸಮ. ಆದರೆ ಗಂಡನಿಗೆ, ಅತ್ತೆ-ಮಾವನಿಗೆ, ಅಣ್ಣನಿಗೆ ನಮ್ಮ ಮನೆಗಳಲ್ಲಿ ಕೊಡುವ ‘ನೀವು’ ಅಲ್ಲಿ ಇಲ್ಲ. ಅವರೆಲ್ಲ ‘ಡೂ’. ಇಬ್ಬರು ಮೂವರು ಗೆಳೆಯರನ್ನು ಒಟ್ಟಿಗೆ ಕರೆಯುವಾಗ ನಮ್ಮ ನಾಲಿಗೆ ‘ಜ಼ೀ’ಗೆ ಹೊರಳುತ್ತದೆ. ಅಲ್ಲಿ ಬೇಕಾದ್ದು ‘ಈರ್’. ತುಳುವರು ಇಲ್ಲಿ ಇನ್ನಷ್ಟು ಹುಷಾರಾಗಿರಬೇಕು: ತುಳುವಿನ ‘ಈರ್’ ಮರ್ಯಾದೆಯದು, ಜರ್ಮನ್ ‘ಈರ್’ ಸಲಿಗೆಯದು. ‘ಜ಼ೀ’ಯಿಂದ ‘ಡೂ’ಗೆ ಇಳಿಯುವ ಮಾತನ್ನು ಹಿರಿಯರು ಎತ್ತಲಿ, ಅಲ್ಲಿಯವರೆಗೆ ಕಾಯಿರಿ. ಹೆಸರಿಗೆ ‘ಹೆರ್’ (ಶ್ರೀ) ಅಥವಾ ‘ಫ್ರೌ’ (ಶ್ರೀಮತಿ) ಸೇರಿಸುವಾಗ ಕುಲನಾಮ ಬೇಕು. ‘ಫ್ರೊಯ್ಲೈನ್’ (ಕುಮಾರಿ) ಎಂದು ನಿಮ್ಮ ಪಟ್ಟಿಯಲ್ಲಿರುವುದನ್ನು ಅಳಿಸಿಬಿಡಿ. ಪಶ್ಚಿಮ ಜರ್ಮನಿಯ ಸರ್ಕಾರಿ ಬಳಕೆಯಿಂದಲೇ ಅದು 1972ರಲ್ಲಿ ಹೋಯಿತು.

ಕನ್ನಡ ನಿಜಕ್ಕೂ ಕೈ ಹಿಡಿಯುವುದು ‘ನನಗೆ’ ವಾಕ್ಯಗಳಲ್ಲಿ. ‘ನನಗೆ ಚಳಿ’ ಎಂಬುದು ಪದಕ್ಕೆ ಪದ ‘ಮಿಯರ್ ಇಸ್ಟ್ ಕಾಲ್ಟ್’. ಮಿಯರ್ ಎಂದರೆ ನನಗೆ. ಇಂಗ್ಲಿಷಿನಿಂದ ಹೊರಟವರು ‘ಇಹ್ ಬಿನ್ ಕಾಲ್ಟ್’ ಎನ್ನುತ್ತಾರೆ. ಅದು ‘ನಾನು ಕಲ್ಲುಮನಸ್ಸಿನವನು’ ಎಂದು ಕೇಳಿಸುತ್ತದೆ. ‘ಅದು ನನಗೆ ಹಿಡಿಸುತ್ತದೆ’ ಎಂಬುದಕ್ಕೂ ‘ನನಗೆ’ಯೇ ಬೇಕು: ‘ಡಾಸ್ ಗೆಫೆಲ್ಟ್ ಮಿಯರ್’. ‘ಚೆನ್ನಾಗಿದ್ದೇನೆ’ ಎಂಬುದೂ ಹಾಗೇ, ‘ಮಿಯರ್ ಗೇಟ್ ಎಸ್ ಗೂಟ್’. ವಾಕ್ಯದ ಕ್ರಮದಲ್ಲಿ ಮಾತ್ರ ಎಚ್ಚರ ಬೇಕು. ಸಾದಾ ಹೇಳಿಕೆಯಲ್ಲಿ ಕ್ರಿಯಾಪದ ಯಾವಾಗಲೂ ಎರಡನೆಯ ಜಾಗದಲ್ಲಿ. ‘ಇಂದು’ ಎಂದು ಶುರು ಮಾಡಿದರೆ ‘ನಾನು’ ಹಿಂದೆ ಸರಿಯುತ್ತದೆ: ‘ಹೊಯ್ಟೆ ಲೆರ್ನೆ ಇಹ್ ಡೊಯ್ಚ್’ (ಇಂದು ನಾನು ಜರ್ಮನ್ ಕಲಿಯುತ್ತೇನೆ).

ಲಿಂಗದಲ್ಲಿ ಕನ್ನಡ ಕೈ ಕೊಡುತ್ತದೆ ಎಂಬುದನ್ನೂ ಒಪ್ಪಬೇಕು. ‘ಮಗು ಬಂತು’ ಎನ್ನುವ ನಮಗೆ ಅಲ್ಲಿ ಮಗುವೂ ಹುಡುಗಿಯೂ ನಪುಂಸಕ ಎಂಬುದು ಅಷ್ಟೇನೂ ವಿಚಿತ್ರವಲ್ಲ. ಆದರೆ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ ಎಂಬುದಕ್ಕೆ ತರ್ಕವಿಲ್ಲ. ಈ ಮೂರು ಲಿಂಗಗಳ ಗುರುತಾದ ಡೆರ್, ಡೀ, ಡಾಸ್ ಸೇರಿಸಿಯೇ ಪ್ರತಿ ಪದ ಬರೆದುಕೊಳ್ಳಬೇಕು. ಜರ್ಮನ್ ಕಲಿಸುವ ಗ್ಯೋಟೆ ಇನ್‌ಸ್ಟಿಟ್ಯೂಟಿನ ಎ-1 (ಮೊದಲ) ಹಂತದ ಪರೀಕ್ಷೆಯ ಪದಪಟ್ಟಿ ಸುಮಾರು 650 ಪದಗಳದ್ದು. ದಿನಕ್ಕೆ ಎಂಟು ಪದವೆಂದರೂ ಮೂರು ತಿಂಗಳೊಳಗೆ ಮುಗಿಯುತ್ತದೆ.

ಆ ಪರೀಕ್ಷೆಯ ಮಾತಿನ ಭಾಗದಲ್ಲಿ ಹೆಸರು, ವಯಸ್ಸು, ದೇಶ, ವಾಸ, ಭಾಷೆ, ಉದ್ಯೋಗ, ಹವ್ಯಾಸ ಹೇಳಬೇಕು. ಇದನ್ನು ಎಲ್ಲರೂ ಉರು ಹೊಡೆದಿರುತ್ತಾರೆ. ಎಡವುವುದು ಅದರ ಬೆನ್ನಿಗೇ ಬರುವ ‘ಬುಖ್‌ಶ್ಟಬೀರನ್’ ಪ್ರಶ್ನೆಯಲ್ಲಿ, ಅಂದರೆ ಅಕ್ಷರ ಬಿಡಿಸಿ ಹೇಳುವುದರಲ್ಲಿ. ಮೀನಾ ಎಂಬವರು ‘ಎಂ-ಈ-ಈ-ಎನ್-ಏ’ ಎಂದರೆ ಪರೀಕ್ಷಕರು ಬರೆದುಕೊಳ್ಳುವುದು ‘ಮೀನೆ’ ಎಂದು. ಜರ್ಮನ್‌ನಲ್ಲಿ ‘ಈ’ ಎಂದರೆ ಇಂಗ್ಲಿಷಿನ ಐ ಅಕ್ಷರ, ‘ಏ’ ಎಂದರೆ ಇಂಗ್ಲಿಷಿನ ಇ ಅಕ್ಷರ. ಸರಿಯಾದದ್ದು ‘ಎಂ-ಏ-ಏ-ಎನ್-ಆ’. ಜೆ ಅಕ್ಷರ ‘ಯೋಟ್’, ವಿ ‘ಫೌ’, ಡಬ್ಲ್ಯು ‘ವೇ’, ಜ಼ೆಡ್ ‘ತ್ಸೆಟ್’. ಇವು ಬಾಯಿಗೆ ಬಂದರೆ ಅರ್ಧ ಭಯ ಹೋದಂತೆ.

ಸಂಖ್ಯೆ ತಲೆಕೆಳಗು: 42 ಎಂದರೆ ‘ಎರಡು ಮತ್ತು ನಲವತ್ತು’. ಕೇಳಿದ ಕೂಡಲೇ ಎಡದಿಂದ ಬರೆಯತೊಡಗಿದರೆ ಮನೆ ನಂಬರು 24 ಆಗುತ್ತದೆ. ಮೊದಲು ಬಲಗಡೆಯ ಅಂಕಿ ಬರೆದು ಎಡಕ್ಕೆ ಜಾಗ ಬಿಡಿ. ಸಮಯದ ‘ಹಾಲ್ಪ್ ಡ್ರಾಯ್’ ನಮ್ಮ ಎರಡೂವರೆ, ಮೂರೂವರೆ ಅಲ್ಲ. ಮೂರರತ್ತ ಅರ್ಧ ದಾರಿ ಸಾಗಿದೆ ಎಂದು ನೆನಪಿಟ್ಟುಕೊಂಡರೆ ರೈಲು ತಪ್ಪುವುದಿಲ್ಲ.

ಕೊನೆಗೆ ‘ಬಿಟೆ’ (ದಯವಿಟ್ಟು), ‘ಡಾಂಕೆ’ (ಧನ್ಯವಾದ). ‘ಕೊಡ್ತೀರಾ’ ಎಂಬಲ್ಲೇ ನಮ್ಮ ವಿನಯ ಮುಗಿಯುತ್ತದೆ. ಅಲ್ಲಿ ಬಿಟೆ ಇಲ್ಲದೆ ಕಾಫಿ ಕೇಳಿದರೆ ಒರಟೆನಿಸುತ್ತದೆ. ಯಾರಾದರೂ ಕಾಫಿ ಬೇಕೇ ಎಂದಾಗ ತಲೆಯಾಡಿಸಿ ಬರೀ ‘ಡಾಂಕೆ’ ಎಂದರೆ ‘ಬೇಡ’ ಎಂದೇ ತಿಳಿದು ಲೋಟ ಹಿಂದೆ ಹೋಗುತ್ತದೆ. ಬೇಕಿದ್ದರೆ ‘ಯಾ, ಬಿಟೆ’, ಬೇಡದಿದ್ದರೆ ‘ನಾಯ್ನ್, ಡಾಂಕೆ’. ‘ಊಟ ಆಯ್ತಾ?’ ಎಂಬುದನ್ನು ಅನುವಾದಿಸಲು ಹೋಗಬೇಡಿ, ನೀವು ಊಟಕ್ಕೆ ಕರೆಯುತ್ತಿದ್ದೀರಿ ಎಂದುಕೊಂಡಾರು.

ಮುಂದಿನ ಪುರವಣಿಯಲ್ಲಿ ಪಟ್ಟಿ ಮುಂದುವರಿಸುವುದಾದರೆ ದಯವಿಟ್ಟು ಮೊದಲ ಸಾಲನ್ನು ಹೀಗೆ ತಿದ್ದಿ, ಎದ್ದು ಕಾಣುವಂತೆ ಚೌಕಟ್ಟಿನಲ್ಲಿ ಹಾಕಿ: ನನ್ನ ಹೆಸರು – ಇಹ್ ಹಾಯ್ಸೆ.

– ಜರ್ಮನ್ ಭಾಷಾ ಬೋಧಕರು, ಮೈಸೂರು