211 ನಂಬರಿಗಿಂತ ಚಮಚದ್ದೇ ಚಿಂತೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮ ಅಂಗಡಿಗೆ ಬಂದ ಪ್ರವಾಸಿ ದಂಪತಿ ಕಿತ್ತಳೆ ಸ್ಕ್ವಾಷ್ ಬಾಟಲಿ ಕೈಗೆತ್ತಿಕೊಂಡರು. ಲೇಬಲ್ ಮೇಲೆ ‘ಐಎನ್‌ಎಸ್ 211’ (ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ) ಎಂದಿದ್ದು ಕಂಡದ್ದೇ ತಡ, ‘ಅಯ್ಯೋ, ಇದು ಕ್ಯಾನ್ಸರ್ ನಂಬರ್’ ಎಂದು ವಾಪಸ್ ಇಟ್ಟರು. ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತಂತೆ. ಅಲ್ಲೇ ಇದ್ದ ‘ಪ್ರಿಸರ್ವೇಟಿವ್ ಇಲ್ಲ’ ಎಂಬ ಚೀಟಿಯ ಮಿಡಿ ಉಪ್ಪಿನಕಾಯಿ ಎರಡು ಬಾಟಲಿ ಖುಷಿಯಿಂದ ಒಯ್ದರು. ಅದನ್ನೂ ಮಾಡಿದವಳು ನಾನೇ. ಉಪ್ಪು ಎಷ್ಟು ಸುರಿದಿದ್ದೀ ಎಂದು ಅವರು ಕೇಳಲಿಲ್ಲ. ನಮ್ಮ ಆಹಾರ ನಿಯಮದಲ್ಲಿ ಉಪ್ಪು, ಸಕ್ಕರೆ, ವಿನೆಗರ್ ಕೂಡ ಸಂರಕ್ಷಕಗಳೇ (ಪ್ರಿಸರ್ವೇಟಿವ್), ಒಂದನೇ ವರ್ಗದವು. ಬಿ.ಪಿ. ಇರುವವರು ನಿಜಕ್ಕೂ ಹೆದರಬೇಕಾದದ್ದು ಆ ಉಪ್ಪಿಗೆ.

211 ಎಂದರೆ ಸೋಡಿಯಂ ಬೆಂಜೊಯೇಟ್, ಎರಡನೇ ವರ್ಗದ್ದು, ಅಂದರೆ ಮಿತಿಯೊಳಗೆ ಮಾತ್ರ ಹಾಕಬೇಕಾದ ಸಂರಕ್ಷಕ. ಹುಳಿ ಇರುವ ಪದಾರ್ಥದಲ್ಲಿ ಮಾತ್ರ ಇದು ಬೂಸ್ಟು, ಯೀಸ್ಟು ತಡೆಯುತ್ತದೆ. ದೇಹಕ್ಕೆ ಸೇರಿದ್ದು ಯಕೃತ್ತಿನಲ್ಲಿ ಗ್ಲೈಸೀನ್ ಜೊತೆ ಕೂಡಿ ಹಿಪ್ಯುರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ದಾಲ್ಚಿನ್ನಿ, ಲವಂಗದಲ್ಲಿ ಇದರ ಮೂಲವಾದ ಬೆಂಜೊಯಿಕ್ ಆಮ್ಲ ತಾನಾಗಿಯೇ ಇದೆ. ಹೆಪ್ಪು ಹಾಕಿದ ಮೊಸರಿನಲ್ಲೂ ಅಷ್ಟಿಷ್ಟು ಹುಟ್ಟುತ್ತದೆ. ಹಾಗಂತ ಎಷ್ಟು ಬೇಕಾದರೂ ಹಾಕಬಹುದು ಅಂತಲ್ಲ. ಪ್ರಾಣಿಗಳಿಗೆ ದಿನಾ ತಿನ್ನಿಸಿ ನೋಡಿದಾಗ ದೇಹತೂಕದ ಕೆ.ಜಿ.ಗೆ 500 ಮಿ.ಗ್ರಾಂವರೆಗೆ ತೊಂದರೆ ಕಾಣಲಿಲ್ಲ. ಅದನ್ನು ನೂರರಿಂದ ಭಾಗಿಸಿ, ಮನುಷ್ಯರಿಗೆ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ ಎಂದು ಗೆರೆ ಎಳೆದರು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞರ ಸಮಿತಿ 2021ರಲ್ಲಿ 20ಕ್ಕೆ ಏರಿಸಿದೆ. ಮಕ್ಕಳು ಕುಡಿಯುವುದಾದ್ದರಿಂದ ನಾನು 5ನ್ನೇ ಹಿಡಿಯುತ್ತೇನೆ.

20 ಕೆ.ಜಿ. ತೂಗುವ ಮಗುವಿಗೆ ದಿನಕ್ಕೆ 100 ಮಿ.ಗ್ರಾಂ ಆಯಿತು. ಸ್ಕ್ವಾಷ್‌ನಲ್ಲಿ ಬೆಂಜೊಯಿಕ್ ಆಮ್ಲದ ಲೆಕ್ಕದಲ್ಲಿ ಕೆ.ಜಿ.ಗೆ 600 ಮಿ.ಗ್ರಾಂ ಇದೆ ಅಂದುಕೊಳ್ಳಿ. ಒಂದಕ್ಕೆ ಮೂರು ಪಾಲು ನೀರು ಬೆರೆಸಿದರೆ 200 ಮಿ.ಲೀ. ಲೋಟದಲ್ಲಿ ಉಳಿಯುವುದು ಸುಮಾರು 30 ಮಿ.ಗ್ರಾಂ. ಇಷ್ಟಕ್ಕೆ ಕ್ಯಾನ್ಸರ್ ಎಂದು ಬೊಬ್ಬೆ ಹೊಡೆಯುವುದು ತಪ್ಪು.

ಆದರೆ ಈ ಲೆಕ್ಕವೆಲ್ಲ ಅಳತೆ ಸರಿಯಿದ್ದರೆ ಮಾತ್ರ. ನನಗೆ ಕಲಿಸಿದವರು ಹೇಳಿದ್ದು ‘ಹತ್ತು ಕೆ.ಜಿ.ಗೆ ಎರಡು ಚಮಚ’. ಯಾವ ಚಮಚ? ನಾನೂ ಕೇಳಲಿಲ್ಲ. ನಾಲ್ಕು ವರ್ಷ ಹಾಗೇ ಹಾಕಿದೆ. ಒಂದು ಸಲ ಬಾಟಲಿಗಳ ಮುಚ್ಚಳ ಹಾರಿ ಸ್ಕ್ವಾಷ್ ನೊರೆಯುಕ್ಕಿತು, ಇನ್ನೊಂದು ಸಲ ಕುಡಿದವರ ನಾಲಿಗೆ ಚುರುಚುರು ಅಂದಿತು. ಅನುಮಾನ ಬಂದು ಪುಡಿಯನ್ನೂ ಚಮಚವನ್ನೂ ಪೇಟೆಯ ಅಕ್ಕಸಾಲಿಗರ ಹತ್ತಿರ ಒಯ್ದೆ. ‘ಏನಕ್ಕಾ, ಬೆಳ್ಳಿ ಭಸ್ಮವಾ?’ ಎಂದು ನಗುತ್ತಲೇ ತೂಗಿ ಕೊಟ್ಟರು. ಬೆರಳಿನಿಂದ ಸಮ ಮಾಡಿದ ಚಮಚಕ್ಕೆ ಮೂರು ಗ್ರಾಂ ಚಿಲ್ಲರೆ, ಗೋಪುರ ಕಟ್ಟಿದರೆ ಆರರ ಹತ್ತಿರ! ಬೇಕಾದದ್ದು ಹತ್ತು ಕೆ.ಜಿ.ಗೆ ಸುಮಾರು ಏಳು ಗ್ರಾಂ ಪುಡಿ (ಆರು ಗ್ರಾಂ ಬೆಂಜೊಯಿಕ್ ಆಮ್ಲಕ್ಕೆ ಸಮ). ಗೋಪುರದ ಲೆಕ್ಕದಲ್ಲಿ ಅದೇ ಮಗು ಎರಡು ಲೋಟ ಕುಡಿದರೆ ಗೆರೆ ಆಚೆ. ಈಗ ಅಂಥದ್ದೇ ಪುಟ್ಟ ತಕ್ಕಡಿ ತಂದಿಟ್ಟುಕೊಂಡಿದ್ದೇನೆ. ಜಿಲ್ಲೆಯಲ್ಲಿ ನನ್ನ ಹಾಗೆ ಅಡುಗೆಮನೆಯಲ್ಲೇ ಉಪ್ಪಿನಕಾಯಿ, ಸ್ಕ್ವಾಷ್ ಮಾಡುವ ಸ್ವಸಹಾಯ ಸಂಘದ ಹೆಂಗಸರು ಎಷ್ಟೋ ಮಂದಿ. ತರಬೇತಿಯ ಕೊನೆಗೆ ಪ್ರಮಾಣಪತ್ರ, ಶಾಲು ಕೊಡುವ ಬದಲು ಇಲಾಖೆಯವರು ಒಂದೊಂದು ಗ್ರಾಂ ತಕ್ಕಡಿ ಕೊಡಲಿ.

ಇನ್ನೊಂದು ಮಾತನ್ನು ಅಂಗಡಿಯವರಿಗೇ ಹೇಳಬೇಕು. ಬೆಂಜೊಯೇಟೂ ವಿಟಮಿನ್ ಸಿಯೂ ಒಂದೇ ಬಾಟಲಿಯಲ್ಲಿದ್ದು, ಬಿಸಿಲು ಕಾವು ತಾಗುತ್ತಾ ಹೋದರೆ ಅಲ್ಪ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು. ಬೆಂಜೀನ್ ಕ್ಯಾನ್ಸರ್‌ಕಾರಕ, ಅದರಲ್ಲಿ ಎರಡು ಮಾತಿಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಅಷ್ಟೇ. ಕಿತ್ತಳೆಯಲ್ಲಿ ವಿಟಮಿನ್ ಸಿ ಹೇರಳ. ಮುಳ್ಳಯ್ಯನಗಿರಿ ರಸ್ತೆಯ ಬದಿಯಲ್ಲಿ ಬಣ್ಣ ಹೊಳೆಯಲಿ ಎಂದು ಸ್ಕ್ವಾಷ್ ಬಾಟಲಿಗಳನ್ನು ಬೆಳಗಿನಿಂದ ಸಂಜೆತನಕ ಬಿಸಿಲಿಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಆಹಾರ ಸುರಕ್ಷತಾ ಅಧಿಕಾರಿಗಳು ಮಾದರಿ ತೆಗೆಯುವುದಾದರೆ ಗೋದಾಮಿನದ್ದಲ್ಲ, ಆ ಸಾಲಿನದ್ದೇ ತೆಗೆಯಲಿ. ಅವರು ಬರದಿದ್ದರೆ ಗ್ರಾಹಕರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು; 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್‌ನಲ್ಲಿ ಅದಕ್ಕೆ ಅವಕಾಶವಿದೆ. ಲೇಬಲ್ ಮೇಲೆ ಬರೀ ನಂಬರ್ ಬದಲು ಎಷ್ಟು ಹಾಕಿದೆ ಎಂದೂ ಬರೆಯುವ ನಿಯಮ ಬಂದರೆ ನಮ್ಮಂಥವರಿಗೂ ಒಳ್ಳೆಯದೇ.

ನನ್ನ ಬಾಟಲಿಗಳನ್ನು ಒಳಗಿನ ಕಪಾಟಿಗೆ ಸರಿಸಿದ್ದೇನೆ. ಕಣ್ಣಿಗೆ ಬೀಳುವುದಿಲ್ಲ ಅಂತ ವ್ಯಾಪಾರ ಸ್ವಲ್ಪ ಇಳಿದಿದೆ.

– ಉಪ್ಪಿನಕಾಯಿ ತಯಾರಿಸುವ ಗೃಹಿಣಿ,
ಚಿಕ್ಕಮಗಳೂರು ತಾಲ್ಲೂಕು