ತಟ್ಟದೆ ಬಿಟ್ಟ ಬಾಗಿಲು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನ್ ಇಟ್ಟ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. "ಕತೆ ಆಯ್ಕೆ ಆಯ್ತಮ್ಮ" ಅಂದೆ, ಆದರೆ ದನಿಯಲ್ಲಿ ಖುಷಿ ಇರಲಿಲ್ಲ. ಎದ್ದು ಕೂತು, ನೀನು ಕಳಿಸಿದ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ.

ಮೊದಲನೆಯದರಲ್ಲಿ ಅತ್ತೆ ಸೊಸೆಯ ಕೋಣೆಯ ಮುಂದೆ ಬಂದು ನಿಲ್ಲುತ್ತಾಳೆ. ಒಳಗೆ ಅಳುವ ಸದ್ದು. ತಟ್ಟಲು ಕೈ ಎತ್ತುತ್ತಾಳೆ. ಸ್ವಲ್ಪ ಹೊತ್ತು ಹಾಗೇ ನಿಂತು ಕೈ ಇಳಿಸುತ್ತಾಳೆ, ಹೆಜ್ಜೆ ಸಪ್ಪಳವಾಗದಂತೆ ವಾಪಸ್ ಹೋಗುತ್ತಾಳೆ. ಎರಡನೆಯದರಲ್ಲಿ ಅದೇ ಅತ್ತೆ ಬಾಗಿಲು ದಬದಬ ಬಡಿದು ಕೂಗಾಡುತ್ತಾಳೆ. ಓದುಗರಿಗೆ ಕಣ್ಣೀರು ಬರಬೇಕು, ಅತ್ತೆ ಇನ್ನೂ ಸ್ವಲ್ಪ ಕೆಟ್ಟವಳಾಗಲಿ ಅಂತ ಸಂಪಾದಕರು ಹೇಳಿದರು, ನೀನು ಮಾಡಿಕೊಟ್ಟೆ. ಇಷ್ಟೇ ಅಲ್ವಾ ನಡೆದದ್ದು?

ಅವರು ಹೇಳಿದ್ದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ಶುರುವಿನ ಎರಡು ಪುಟ ತೆಗೆಸಿದ್ದು ಒಳ್ಳೆಯದೇ ಆಯಿತು. ಎರಡು ಕಡೆ ಮಾತು ಜಾಸ್ತಿಯಾಗಿತ್ತು, ಅದನ್ನೂ ಸರಿಯಾಗಿ ಹಿಡಿದಿದ್ದಾರೆ. ಅಂಥದ್ದಕ್ಕೆಲ್ಲ ಸುಮ್ನೆ ಹಟ ಹಿಡಿಯಬೇಡ. ಬಾಗಿಲಿನ ವಿಷಯ ಮಾತ್ರ ಬೇರೆ. ಆ ಹೆಂಗಸು ಎಂಥವಳು ಅಂತ ನಿನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈಯಿಂದ ಬಾಗಿಲು ಬಡಿಸಿದೆ. ನಿನ್ನ ನಿದ್ದೆ ಕೆಡಿಸಿದ್ದು ಅದೇ ಇರಬೇಕು.

ಫ್ರೆಂಚ್ ಲೇಖಕ ಸಾರ್ತ್ರ್ 1964ರಲ್ಲಿ ಸಾಹಿತ್ಯದ ನೊಬೆಲ್ ಬೇಡ ಅಂದದ್ದನ್ನು ಓದಿ ಕಾಲೇಜಿನ ದಿನಗಳಲ್ಲಿ ನೀನು ಎಷ್ಟು ಮೆಚ್ಚಿಕೊಂಡಿದ್ದೆ! ಅಂಥ ದೊಡ್ಡ ಪರೀಕ್ಷೆ ಎಲ್ಲೋ ಒಬ್ಬರಿಗೆ ಬರುತ್ತದೆ. ನಮ್ಮಂಥವರಿಗೆ ಬರುವುದು ನಡುರಾತ್ರಿ, ಒಂದು ಸಾಲಿನ ಮುಂದೆ ಒಬ್ಬರೇ ಕೂತಾಗ. ನೋಡುವವರು ಯಾರೂ ಇರುವುದಿಲ್ಲ.

ಬರೆದವರ ಹಕ್ಕು ಕಾಯಲು ದೇಶದೇಶಗಳು ಸೇರಿ ಮಾಡಿಕೊಂಡ ಬರ್ನ್ ಒಪ್ಪಂದಕ್ಕೆ 1928ರಲ್ಲಿ ಒಂದು ಕಲಮು ಸೇರಿಸಿದರು. ಹಕ್ಕು ಮಾರಿದ ಮೇಲೂ, ಬರೆದವರ ಹೆಸರಿಗೆ ಧಕ್ಕೆ ಬರುವ ಹಾಗೆ ಯಾರಾದರೂ ಬರಹವನ್ನು ತಿರುಚಿದರೆ ಬೇಡ ಅನ್ನುವ ಹಕ್ಕು ಬರೆದವರಿಗೆ ಇದ್ದೇ ಇರುತ್ತದೆ. ಮುಂದೆ ಕರಾರಿಗೆ ಸಹಿ ಹಾಕುವಾಗ ಇದು ನೆನಪಿರಲಿ. ಆದರೆ ಪುಟ್ಟಿ, ನೀನೇ ಕೂತು ತಿರುಚಿದರೆ ಯಾವ ಕಲಮೂ ಕಾಪಾಡುವುದಿಲ್ಲ.

ನನ್ನದೂ ಒಂದು ಹೇಳುತ್ತೇನೆ. ಯಾರಿಗೂ ಹೇಳಿಲ್ಲ. ನೀನು ಹುಟ್ಟುವ ಮೊದಲು ಗೆಳತಿಯೊಬ್ಬಳು ತನ್ನ ಸಂಸಾರದ ಕಷ್ಟ ನನ್ನ ಹತ್ತಿರ ಹೇಳಿಕೊಂಡಿದ್ದಳು. ಮಾತಾಡುವಾಗ ಬೆರಳಿನ ಉಂಗುರ ತಿರುಗಿಸುತ್ತಲೇ ಇರುವುದು ಅವಳ ಅಭ್ಯಾಸ. ನಾನು ಅದನ್ನೆಲ್ಲ ಕತೆ ಮಾಡಿದೆ, ಉಂಗುರವನ್ನೂ ಬಿಡಲಿಲ್ಲ. ಹೆಸರು ಬದಲಿಸಿದ್ದೇನಲ್ಲ, ಸಾಕು ಅಂದುಕೊಂಡೆ. ಕತೆ ಅಚ್ಚಾಯಿತು, ನಾಲ್ಕು ಜನ ಹೊಗಳಿದರು. ಅವಳೂ ಓದಿ "ಚೆನ್ನಾಗಿದೆ" ಅಂದಳು. ಆಮೇಲೆ ಬಂದಾಗಲೆಲ್ಲ ಎರಡೂ ಕೈಗಳನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಿದ್ದಳು. ಬೆರಳಲ್ಲಿ ಉಂಗುರ ಇರುತ್ತಿರಲಿಲ್ಲ. ಬರಬರುತ್ತಾ ಬರುವುದನ್ನೇ ಬಿಟ್ಟಳು. ಒಂದು ಮಾತು ಅವಳನ್ನು ಕೇಳಬಹುದಿತ್ತು. ಕೇಳಿದರೆ ಬೇಡ ಅಂದುಬಿಟ್ಟಾಳು ಅಂತಲೇ ಕೇಳಲಿಲ್ಲ. ಆ ಕತೆಯನ್ನು ನಾನು ಮತ್ತೆ ಎಲ್ಲೂ ಅಚ್ಚಿಗೆ ಕೊಟ್ಟಿಲ್ಲ.

ನಿನ್ನ ಅತ್ತೆ ಕಲ್ಪನೆಯವಳು, ಅವಳಿಗೆ ನೋವಾಗುವುದಿಲ್ಲ, ನಿಜ. ಆದರೂ ಅವಳ ಮನಸ್ಸು ನಿನಗೊಬ್ಬಳಿಗೇ ಗೊತ್ತು. ಅವಳ ಪರವಾಗಿ ಮಾತಾಡಲು ಬೇರೆ ಯಾರಿದ್ದಾರೆ ಹೇಳು?

ಇನ್ನೂ ಅಚ್ಚಿಗೆ ಹೋಗಿಲ್ಲ ಅಂದೆಯಲ್ಲ, ಇವತ್ತೇ ಸಂಪಾದಕರಿಗೆ ಬರೆ. ಉಳಿದ ತಿದ್ದುಪಡಿಗಳಿಗೆ ಒಪ್ಪಿಗೆಯಿದೆ, ಬಾಗಿಲಿನ ಭಾಗ ಮಾತ್ರ ಮೊದಲಿನ ಹಾಗೇ ಇರಲಿ ಅಂತ ಕೇಳಿಕೋ. ಜಗಳ ಬೇಡ. ಅವರು ಒಪ್ಪಬಹುದು, ಕತೆಯನ್ನೇ ವಾಪಸ್ ಕಳಿಸಬಹುದು. ಕಳಿಸಿದರೆ ಬೇಜಾರಾಗುತ್ತದೆ, ನನಗೂ ಆಗುತ್ತದೆ.

ಮೊದಲ ಪ್ರತಿಯನ್ನು ತಾರೀಕು ಬರೆದು ನನ್ನ ಕಪಾಟಿನಲ್ಲಿ ಇಟ್ಟಿದ್ದೇನೆ. ಬರೆದು ಕಳಿಸಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ
ಅಮ್ಮ